ಅವ್ವನ ಮೂರು ಲೆನ್ಸು

ಅವ್ವಾ,

ಈ ಪತ್ರವನ್ನು ಯಾವ ವಿಳಾಸಕ್ಕೆ ಹಾಕಲಿ ಎಂದು ಇವರನ್ನು ಕೇಳಿದೆ. ನಿನ್ನ ಅಳಿಯ ಸಾಲಿ ಮೇಷ್ಟ್ರು ತಾನೆ, ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡಿರುತ್ತಾರೆ. "ಬರೆದು ಕ್ಯಾಮೆರಾ ಪೆಟ್ಟಿಗ್ಯಾಗ ಇಡು. ಅತ್ತಿ ಎಲ್ಲಿದ್ರೂ ಮೊದಲು ಅದನ್ನ ತೆಗೆದು ನೋಡ್ತಾರ" ಎಂದರು. ನಿಜ ಅನ್ನಿಸಿತು. ನೀನು ಹೋದಮೇಲೆ ಆ ಪೆಟ್ಟಿಗೆ ನನ್ನ ಪಾಲಿಗೆ ಬಂತು, ಈಗ ಕಂಪ್ಲಿಯ ನಮ್ಮ ಮನೆಯಲ್ಲಿ ದೇವರ ಗೂಡಿನ ಕೆಳಗಿದೆ. ಹೋದ ವಾರ ಅದನ್ನು ಹೊರಿಸಿಕೊಂಡು ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ನಡೆದದ್ದನ್ನು ನಿನಗೆ ಹೇಳದೆ ನನಗೆ ಊಟ ಸೇರುತ್ತಿಲ್ಲ. ಆದರೆ ನಿನ್ನ ಮಗಳಲ್ಲವೇ ನಾನು, ನೇರ ಹೇಳಿಬಿಟ್ಟರೆ ರುಚಿ ಏನು ಉಳಿಯಿತು?

ಅಪ್ಪ ತೀರಿಕೊಂಡ ವರ್ಷ ನೆನಪಿದೆಯಾ? ಹೊಸಪೇಟೆಯ ನಮ್ಮ ಸ್ಟುಡಿಯೋದ ಕಥೆ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು. ಮಾವ ಬಂದು, "ಅಕ್ಕಾ, ಮದ್ರಾಸಿಂದ ತರಿಸಿದ ಮಾಲು, ಚಲೋ ಗಿರಾಕಿ ನೋಡಿ ಕೊಟ್ಟುಬಿಡೋಣು" ಎಂದ. ಬಾಗಿಲ ಹಿಂದೆ ಕುಳಿತಿದ್ದ ನೀನು ಎದ್ದು ಬಂದು, ಸೆರಗಿನಿಂದ ಕ್ಯಾಮೆರಾದ ಧೂಳು ಒರೆಸಿದೆ. "ಗಂಡಸಿನ ಮುಂದ ನಮ್ಮ ಕಡಿ ಹೆಣ್ಣುಮಕ್ಕಳು ಮುಖ ಎತ್ತಂಗಿಲ್ಲ. ನನ್ನ ಮುಂದ ಎತ್ತತಾರ. ಅಂಗಡಿ ಯಾಕ ಮುಚ್ಚಬೇಕು?" ಅಂದೆ. ಅಲ್ಲಿಗೆ ಮಾತು ಮುಗಿಯಿತು. ಚಿತ್ರ ತೆಗೆಯುತ್ತಿದ್ದವನು ಅಪ್ಪನಾದರೂ ಕತ್ತಲೆ ಕೋಣೆಯಲ್ಲಿ ಚಿತ್ರ ಮೂಡುವ ಗಾಜಿನ ಪ್ಲೇಟು ತೊಳೆಯುತ್ತಿದ್ದವಳು ನೀನು. ಯಾವ ಚಿತ್ರ ಯಾಕೆ ಕೆಟ್ಟಿತು ಎಂಬುದು ಅವನಿಗಿಂತ ನಿನಗೇ ಚೆನ್ನಾಗಿ ಗೊತ್ತಿತ್ತು. ಆದರೂ ಚಿತ್ರದ ಬೆನ್ನಿಗೆ ಒತ್ತುವ ಮೊಹರು ಮಾತ್ರ ಕೊನೆತನಕ ಅಪ್ಪನ ಹೆಸರಿನದೇ: 'ಕೊಟ್ರಪ್ಪ, ಹೊಸಪೇಟೆ.' ನಿನ್ನ ಹೆಸರು ಹಾಕಿಸು ಎಂದರೆ, "ಆ ಮೊಹರು ಇನ್ನಾ ಸವದಿಲ್ಲ" ಎನ್ನುತ್ತಿದ್ದೆ.

ಮೂರು ಲೆನ್ಸುಗಳನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿ ನನಗೆ ಪರಿಚಯ ಮಾಡಿಕೊಟ್ಟ ಮಧ್ಯಾಹ್ನವನ್ನು ಹೇಗೆ ಮರೆಯಲಿ? ಅವುಗಳ ಇಂಗ್ಲಿಷ್ ಹೆಸರುಗಳು ಅಪ್ಪನ ಜೊತೆಗೇ ಹೋದವು. ಹಿತ್ತಾಳೆಯ ಉದ್ದ ಕೊಳವೆಯ ತೂಕದ ಲೆನ್ಸಿಗೆ ನೀನು ಇಟ್ಟ ಹೆಸರು ಅಜ್ಜ. "ಅಜ್ಜ ದೂರ ಕುಂದ್ರತಾನ. ಒಬ್ಬರ ಮುಖ ನೋಡಾಕತ್ತಿದ್ರ ಅದನ್ನೊಂದ ನೋಡ್ತಾನ, ಸುತ್ತ ಯಾರದಾರ ಅಂತ ಕಣ್ಣು ಹಾಯಸಂಗಿಲ್ಲ." ಸಾಧಾರಣದ್ದು ಮಗ. "ಹೇಳಿದ ಕೆಲಸ ಮಾಡ್ತಾನ. ಭಾಳ ಬುದ್ಧಿನೂ ಇಲ್ಲ, ಭಾಳ ತಂಟೆನೂ ಇಲ್ಲ." ಇನ್ನು ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟದಾದ, ಉಬ್ಬುಗಣ್ಣಿನ ಲೆನ್ಸು ಸೊಸೆ. "ಬಾಗಲದಾಗ ನಿಂತ್ರ ಸಾಕು, ಮನಿ ಮೂಲಿಮೂಲಿ ಕಾಣ್ತೈತಿ ಈಕಿಗೆ. ಆದ್ರ ಅಂಚಿನ್ಯಾಗ ನಿಂತವರನ್ನ ಎಳದು ದಪ್ಪ ಮಾಡ್ತಾಳ. ಕೆಲಸನೂ ಸಾವಕಾಶ. ಈಕಿ ನೋಡಿ ಮುಗಸೋತನಕ ಯಾರೂ ಅಲುಗಾಡಬಾರದು." ನಾನು, "ನಾಳಿ ನಾನೂ ಒಬ್ಬರ ಮನಿ ಸೊಸಿನ ಅಲ್ಲೇನವ್ವಾ?" ಎಂದೆ. "ಅದಕ್ಕ ಈಗ ಹೇಳಾಕತ್ತೀನಿ" ಎಂದು ನೀನು ನಕ್ಕೆ.

ಇನ್ನೊಂದು ದಿನ ನಾನು ಜಾಣತನ ತೋರಿಸಲು ಹೋಗಿದ್ದು ನೆನಪಾಗುತ್ತದೆ. ಮುಖಕ್ಕೆ ಅಜ್ಜನೇ ಯಾಕೆ ಬೇಕು, ಸೊಸೆಯನ್ನು ಹಾಕಿ ಹತ್ತಿರ ಹೋದರೆ ಮುಖ ಅಷ್ಟೇ ದೊಡ್ಡದಾಗಿ ಬರುವುದಿಲ್ಲವೇ ಎಂದು ಕೇಳಿದೆ. ನೀನು ಸೊಸೆಯನ್ನು ತಿರುಗಿಸಿ ಕೂರಿಸಿ, ಕ್ಯಾಮೆರಾದ ಮುಂದೆ ಗೇಣು ದೂರದಲ್ಲಿ ಮುಖ ಹಿಡಿದು, "ಬಟ್ಟಿಯೊಳಗ ಹೊಕ್ಕು ನೋಡು" ಅಂದೆ. ಕ್ಯಾಮೆರಾದ ಬೆನ್ನಿಗೆ ಹೊದಿಸಿದ ಕರಿ ಬಟ್ಟೆಯೊಳಗೆ, ಮಸುಕು ಗಾಜಿನ ಮೇಲೆ ನೀನು ತಲೆಕೆಳಗಾಗಿ ತೂಗುತ್ತಿದ್ದೆ. ಮೂಗು ಗುಂಡು ಬದನೆಕಾಯಿ! ಕಿವಿಗಳು ಎಲ್ಲೋ ಹಿಂದಕ್ಕೆ ಓಡಿಹೋಗಿದ್ದವು. ಆಮೇಲೆ ಅಜ್ಜನನ್ನು ಹಾಕಿ, ನೀನು ಓಣಿ ದಾಟಿ ಎದುರು ಮನೆಯ ಗೋಡೆಗೆ ಒರಗಿ ನಿಂತೆ. ಗಾಜಿನಲ್ಲಿ ಮತ್ತೆ ನಿನ್ನ ಮುಖ, ಈಗ ಮೂಗು ಮೂಗಿನಷ್ಟು, ಕಿವಿ ಕಿವಿಯಷ್ಟು. "ಮುಖ ದೊಡ್ಡದು ಮಾಡೋದು ಲೆನ್ಸು. ಮುಖ ಸರಿ ಮಾಡೋದು ನೀ ನಿಂತ ದೂರ" ಎಂದು ಅಲ್ಲಿಂದಲೇ ಕೂಗಿದೆ. ಅಷ್ಟು ಚೆಂದ ಕಾಣುತ್ತಿದ್ದೀ, ಪ್ಲೇಟು ಹಾಕಲೇ ಎಂದು ಕೇಳಿದರೆ, "ನನ್ನ ಚಿತ್ರಕ್ಕ ಯಾವ ಗಿರಾಕಿ?" ಎಂದು ಒಳಗೆ ಬಂದುಬಿಟ್ಟೆ. ಆಗ ನಾನು ಹಟ ಮಾಡಿದ್ದರೆ ನಿನ್ನದೂ ಒಂದು ಚಿತ್ರ ಉಳಿಯುತ್ತಿತ್ತು...

ಹಂಪಿ ಬಜಾರಿನ ಬಿಸಿಲಿನಲ್ಲಿ ನೀನು ನಡೆಸಿದ ನಡಿಗೆ ಇನ್ನೂ ನನ್ನ ಕಾಲಿನಲ್ಲಿದೆ. ಗೋಪುರದ ಬುಡದಲ್ಲೇ ಕ್ಯಾಮೆರಾದ ಮುಕ್ಕಾಲಿ ಇಡೋಣ ಎಂದರೆ ಕೇಳದೆ, ಸಾಲುಮಂಟಪಗಳನ್ನೆಲ್ಲ ದಾಟಿಸಿ ಬಜಾರಿನ ಆಚೆ ತುದಿಯ ಎದುರು ಬಸವಣ್ಣನ ತನಕ ಕರೆದುಕೊಂಡು ಹೋದೆ. ಅಲ್ಲಿಂದ ಸೊಸೆಯ ಕಣ್ಣಿಗೆ ಗೋಪುರ ಸಕ್ಕರೆ ಗೊಂಬೆಯಷ್ಟು. ಮಗನ ಕಣ್ಣಿಗೆ ಪರವಾಗಿಲ್ಲ. ಅಜ್ಜನನ್ನು ಹಾಕಿದ್ದೇ ತಡ, ಗೋಪುರ ಎದ್ದು ಬಂದು ಮಂಟಪಗಳ ಹೆಗಲ ಮೇಲೆ ಕೈಯಿಟ್ಟು ನಿಂತಿತು. "ಗುಡಿಗೂ ಅಷ್ಟ, ಮುಖಕ್ಕೂ ಅಷ್ಟ. ಬುಡದಾಗ ನಿಂತ್ರ ಕಾಲು ದಪ್ಪ, ತಲಿ ಸಣ್ಣ." ಹಾಗಾದರೆ ಕಂಬಗಳ ನಡುವೆ, ಮಂಟಪದ ಒಳಗೆ? "ಅಲ್ಲಿ ಸೊಸಿನ ಬೇಕು. ಹಿಂದ ಸರಿಯಾಕ ಜಾಗ ಇಲ್ಲದ ಕಡಿ ಅಜ್ಜಗ ಏನು ಕೆಲಸ?" ಎಂದಿದ್ದೆ. ಆ ಕೊನೆಯ ಮಾತು ಗಂಟು ಕಟ್ಟಿ ಇಟ್ಟುಕೊಂಡಿದ್ದೆ ನೋಡು, ಹೋದ ವಾರ ಬಿಚ್ಚಿದೆ.

ಸಂಡೂರಿನ ಆ ಮದುವೆಯನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ನೀನು ಚಪ್ಪರದೊಳಗೆ ಕಾಲಿಟ್ಟೆ, ಗಂಡಿನ ಅಜ್ಜಿ ನಿನ್ನ ಬೋಳು ಹಣೆ ನೋಡಿ ಕಿರುಚಿದಳು. "ಏ, ಮದುಮಗಳ ಎದುರಿಗೆ ಈಕಿನ್ನ ಯಾರು ಬಿಟ್ಟಾರ? ಇಂಥಾ ಹೊತ್ತಿನ್ಯಾಗ ವಿಧವಿ ಮುಖ ನೋಡ್ತಾರೇನು? ಹೊರಗ ನಿಲ್ಲಸ್ರಿ!" ನನಗೆ ಮೈಯೆಲ್ಲ ಉರಿಯಿತು, ಪೆಟ್ಟಿಗೆ ಎತ್ತಿಕೊಂಡು ಹೊರಟೇಬಿಟ್ಟಿದ್ದೆ. ನೀನು ಮುಕ್ಕಾಲಿಯನ್ನು ಹೆಗಲಿಗೇರಿಸಿ, ಅವರು ತೋರಿಸಿದ ಜಾಗಕ್ಕಿಂತ ಇನ್ನೂ ಹಿಂದಕ್ಕೆ ಹೋಗಿ, ಬೇವಿನ ಮರದ ಕೆಳಗೆ ನಿಂತು, "ಅಜ್ಜನ್ನ ಕೊಡಿಲ್ಲಿ" ಅಂದೆ. ಕರಿ ಬಟ್ಟೆಯೊಳಗೆ ಹೊಕ್ಕಮೇಲೆ ನಿನ್ನ ಹಣೆ ಯಾರಿಗೆ ಕಾಣಬೇಕು? ಆ ಚಿತ್ರಗಳು ಮನೆಮನೆ ತಿರುಗಿದವು. "ಹೊಸಪೇಟಿ ಹೆಣ್ಣುಮಗಳು ತೆಗದ್ರ ಮುಖ ಮುಖದಂಗ ಬರ್ತೈತಿ" ಎಂದು ಊರೆಲ್ಲ ಮಾತು. ಮುಂದಿನ ವರ್ಷ ಮೊಮ್ಮಗಳ ಮದುವೆಗೆ ಬಂಡಿ ಕಳಿಸಿದವಳು ಅದೇ ಅಜ್ಜಿ! ದೂರ ನಿಲ್ಲಿಸಿದವರಿಗೆ ದೂರದ ಲಾಭ ಏನೆಂದು ತೋರಿಸಿದ್ದೆ ನೀನು. ಅದರಲ್ಲಿ ನೋವೆಷ್ಟಿತ್ತು, ಸೊಕ್ಕೆಷ್ಟಿತ್ತು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಸೊಕ್ಕೇ ಹೆಚ್ಚಿರಲಿ ಎಂದು ಬಯಸುತ್ತೇನೆ.

ನನ್ನ ಮದುವೆಯ ದಿನ ಚಪ್ಪರದ ಕೊನೆಯಲ್ಲಿ ಒಂದು ಕರಿ ಬಟ್ಟೆ ನಿಂತಿತ್ತು. ಅದೇ ನನ್ನ ಅವ್ವ. ನಿನ್ನ ಜಾಗದಲ್ಲಿ ಸೋದರಮಾವ, ಅತ್ತೆ ನನ್ನನ್ನು ಧಾರೆ ಎರೆದರು. ನಾನು ಮದುಮಗನ ಕಡೆ ನೋಡಬೇಕಾದ ಹೊತ್ತಿನಲ್ಲಿ ಆ ಬಟ್ಟೆಯನ್ನೇ ನೋಡುತ್ತಿದ್ದೆ. ತಡೆಯಲಾಗಲಿಲ್ಲ, "ಅವ್ವಾ, ಇಲ್ಲಿ ಬಾರವ್ವಾ" ಎಂದು ಕರೆದೇಬಿಟ್ಟೆ. ಬಟ್ಟೆಯೊಳಗಿನಿಂದ ನಿನ್ನ ಉತ್ತರ ಬಂತು, "ಅಲುಗಾಡಬ್ಯಾಡಲೇ! ಇಲ್ಲಿಂದ ನಿನ್ನ ಮುಖ ಸರಿ ಕಾಣ್ತೈತಿ." ಎಲ್ಲರೂ ನಕ್ಕರು. ನೀನು ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಯಾಕವ್ವಾ ಎಂದರೆ, "ಒಳಗ ಭಾಳ ಶೆಕಿ ಐತಿ" ಎಂದೆ. ಆ ಚಿತ್ರ ನನ್ನ ಗೋಡೆಯ ಮೇಲಿದೆ. ಬಂದವರೆಲ್ಲ ನನ್ನ ಮುಖ ಎಷ್ಟು ಚೆಂದ ಬಂದಿದೆ ಎನ್ನುತ್ತಾರೆ. ನಾನು ಅದರಲ್ಲಿ ಯಾರನ್ನು ನೋಡುತ್ತಿದ್ದೇನೆ ಎಂದು ಇವರನ್ನು ಬಿಟ್ಟರೆ ಯಾರೂ ಕೇಳಿಲ್ಲ.

ಈಗ ಕೇಳು, ಹೋದ ವಾರದ ಸುದ್ದಿ. ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರ ಮನೆಯ ಮದುವೆ. ಮದುಮಗಳು ಪಾರ್ವತಿ ಅವರ ತಮ್ಮನ ಮಗಳು. ತಮ್ಮ ತೀರಿಕೊಂಡಿದ್ದಾನೆ, ಹಾಗಾಗಿ ದೊಡ್ಡಪ್ಪನದೇ ಯಜಮಾನಿಕೆ. ಬೀಗರು ಹೊಳೆಯಾಚೆ ನಿಜಾಮರ ಸೀಮೆಯವರು, ಹರಿಗೋಲು ತುಂಬ ಬಂದಿಳಿದಿದ್ದರು. ಬೀದಿಯ ಚಪ್ಪರದಲ್ಲಿ ತಾಳಿ ಕಟ್ಟುವ ಹೊತ್ತಿಗೆ ನನ್ನನ್ನು, "ನೀವು ಮುತ್ತೈದಿ ಅದೀರಿ, ಹತ್ರ ಬರ್ರಿ" ಎಂದು ಕರೆದರು. ನಾನು ಅಜ್ಜನನ್ನು ಹಾಕಿಕೊಂಡು ಚಪ್ಪರದ ಕಡೆಯ ಕಂಬದ ತನಕ ಹಿಂದೆ ಹೋದೆ. ನಿನ್ನನ್ನು ಅವರು ದೂರ ನಿಲ್ಲಿಸಿದ್ದರು, ನಾನು ಬೇಕೆಂದೇ ದೂರ ನಿಂತೆ. ಗಾಜಿನಲ್ಲಿ ಪಾರ್ವತಿಯ ಮುಖ ತುಂಬಿಕೊಂಡಿತು. ಆದರೆ ಅವಳ ಕಣ್ಣು ಮದುಮಗನ ಮೇಲೂ ಇಲ್ಲ, ನನ್ನ ಮೇಲೂ ಇಲ್ಲ. ಮನೆಯ ಬಾಗಿಲ ಕಡೆಗೇ. ನನಗೆ ತಿಳಿಯದೆ ಇರುತ್ತದೆಯೇ ಅವ್ವಾ? ಆಮೇಲೆ ಹತ್ತಿರ ಹೋಗಿ ಕೇಳಿದೆ. "ನಮ್ಮವ್ವ ಒಳಗ ಅಡಿಗಿಮನ್ಯಾಗ ಅದಾಳ್ರಿ. ಹೊರಗ ಬರಬ್ಯಾಡ ಅಂದಾರ" ಎಂದಳು.

ಮಧ್ಯಾಹ್ನ ಎಲ್ಲರ ಗುಂಪು ಚಿತ್ರ. ಹೊರಗೆ ಬಿಸಿಲು ಸುಡುತ್ತಿತ್ತು, ಒಳಅಂಗಳದಲ್ಲೇ ಕೂರಿಸಿದರು. ಅಂಗಳ ಚಿಕ್ಕದು, ಜನ ಜಾತ್ರೆಯಷ್ಟು, ನನ್ನ ಬೆನ್ನಿಗೆ ಗೋಡೆ. ಹಿಂದೆ ಸರಿಯಲು ಜಾಗ ಇಲ್ಲದ ಕಡೆ ಯಾರು ಬೇಕು? ಸೊಸೆಯನ್ನು ಹಾಕಿದೆ. ಯುದ್ಧ ಬಂದಮೇಲೆ ಪ್ಲೇಟು ಸಿಗುವುದೇ ಕಷ್ಟ, ಉಳಿದಿದ್ದದ್ದು ಒಂದೇ. "ಯಾರೂ ಅಲುಗಾಡಬ್ಯಾಡ್ರಿ. ಒಬ್ಬರು ಅಲುಗಾಡಿದ್ರೂ ಕೆಡತೈತಿ, ಇನ್ನೊಂದು ಪ್ಲೇಟಿಲ್ಲ" ಎಂದು ಎಲ್ಲರಿಗೂ ಹೇಳಿದೆ. ದೊಡ್ಡಪ್ಪನವರು ಮದುಮಗಳ ಪಕ್ಕದ ಕುರ್ಚಿಯಿಂದ ಎದ್ದು ಬಂದು, ತಾವೊಮ್ಮೆ ನೋಡಬೇಕೆಂದು ಕರಿ ಬಟ್ಟೆಯೊಳಗೆ ತಲೆ ತೂರಿಸಿದರು.

"ಅಯ್ಯಯ್ಯಪ್ಪಾ, ಎಲ್ಲಾರೂ ತಲಿಕೆಳಗಾಗಿ ನಿಂತಾರ!" ಎಂದು ನಕ್ಕವರು ಗಕ್ಕನೆ ನಿಲ್ಲಿಸಿದರು. "ಅಡಿಗಿಮನಿ ಬಾಗಲದಾಗ ಯಾರದು? ಈರಮ್ಮನಲ್ಲೇನು? ಆಕಿ ಯಾಕ ಬಂದಳು ಇದರಾಗ?"

"ಬಂದಿಲ್ರಿ, ಇದ್ದಲ್ಲೇ ಅದಾಳ. ಈ ಲೆನ್ಸು ಮನ್ಯಾಗ ಇದ್ದವರನ್ನ ಯಾರನ್ನೂ ಬಿಡಂಗಿಲ್ಲ."

"ಬ್ಯಾರೆ ಲೆನ್ಸು ಹಾಕು."

"ಹಾಕ್ತೀನ್ರಿ. ಅರ್ಧ ಬೀಗರು ಹೊರಗ ಉಳಿತಾರ. ಯಾರನ್ನ ಎಬ್ಬಸಲಿ, ನೀವ ಹೇಳ್ರಿ."

ಅವರು ಬೀಗರ ಕಡೆ ನೋಡಿದರು. ಹೋಳಿಗೆ ಉಂಡು ಗಟ್ಟಿಯಾಗಿ ಕುಳಿತ ಬೀಗರನ್ನು ಎಬ್ಬಿಸುವ ಧೈರ್ಯ ಯಾವ ಸಾಹುಕಾರನಿಗಿದೆ? "ಹಂಗಾರ ಆ ಬಾಗಲಾ ಹಾಕ್ಕೊಳ್ಳಾಕ ಹೇಳು" ಎಂದರು.

ಆಗ ಪಾರ್ವತಿ ಕುಳಿತಲ್ಲಿಂದಲೇ ಮಾತಾಡಿದಳು, ಅವ್ವಾ. ದನಿ ಏರಿಸಲಿಲ್ಲ. "ದೊಡ್ಡಪ್ಪಾ, ಅವ್ವ ಬಂದು ನನ್ನ ಬಾಜೂಕ ಕುಂದ್ರೋತನಕ ನಾ ತಲಿ ಅಲುಗಾಡಸ್ತಾನ ಇರ್ತೀನಿ, ನೋಡ್ರಿ." ಹೇಳಿದವಳೇ ಬಾಸಿಂಗದ ಸಮೇತ ತಲೆ ಅಲುಗಾಡಿಸತೊಡಗಿದಳು. ಮದುಮಗ ಅತ್ತಿತ್ತ ನೋಡಿ, ತಾನೂ ಮೆಲ್ಲಗೆ ತಲೆ ಅಲುಗಾಡಿಸಲು ಶುರುಮಾಡಿದ! ಅಂಗಳದ ತುಂಬ ನಗೆಯೋ ನಗೆ. ಬೀಗರಲ್ಲಿನ ಒಬ್ಬ ಮುದುಕಿ, "ಕರೀರಿ ಅತ್ಲಾಗ, ಹಡದಾಕಿ ಅಲ್ಲೇನು?" ಎಂದಳು.

ಈರಮ್ಮ ಅಡುಗೆಮನೆಯ ಹೊಗೆಯೊಳಗಿಂದ, ಕೈ ಒರೆಸುತ್ತ ಬಂದರು. ಅಂಚಿನಲ್ಲಿ ನಿಲ್ಲುತ್ತೇನೆ ಎಂದರು. ಅಂಚಿನಲ್ಲಿ ನಿಂತವರ ಮುಖ ಕುಂಬಳಕಾಯಿ ಆಗುತ್ತದೆ, ನಡುವೆಯೇ ಕೂರಬೇಕು ಎಂದೆ. ಸುಳ್ಳೇನೂ ಹೇಳಲಿಲ್ಲವಲ್ಲ? ದೊಡ್ಡಪ್ಪನವರೇ ತಮ್ಮ ಕುರ್ಚಿ ಬಿಟ್ಟುಕೊಟ್ಟು ಅಂಚಿಗೆ ಸರಿದರು. ಚಿತ್ರದಲ್ಲಿ ಅವರ ಹೊಟ್ಟೆ ಹೇಗೆ ಬಂದಿದೆ ಎಂದು ನಾನು ಬರೆಯುವುದಿಲ್ಲ, ನೀನೇ ಊಹಿಸಿಕೊ.

ಕೊನೆಯ ಸಲ ಸರಿಯಿದೆಯೇ ಎಂದು ನೋಡಲು ಬಟ್ಟೆಯೊಳಗೆ ಹೋದೆ. ಗಾಜಿನ ನಡುವೆ ತಲೆಕೆಳಗಾಗಿ ಒಬ್ಬ ಹೆಂಗಸು. ಬೋಳು ಹಣೆ, ಬಳೆಯಿಲ್ಲದ ಕೈ, ಆ ಕೈಯ ಮೇಲೆ ಮಗಳ ಹಸಿರು ಬಳೆಯ ಕೈ. ನಿನ್ನನ್ನು ನಾನು ಹೀಗೆಯೇ ಅಲ್ಲವೇ ನೋಡಿದ್ದು, ಇದೇ ಗಾಜಿನಲ್ಲಿ... ಹೊರಗೆ ಬಂದು ಲೆನ್ಸಿನ ಮುಚ್ಚಳ ತೆಗೆದೆ. ಯಾರೂ ಅಲುಗಾಡಲಿಲ್ಲ. ಮುಚ್ಚಳ ಹಾಕಿದಮೇಲೆ ಪಾರ್ವತಿ ನನ್ನ ಮುಖ ನೋಡಿ, "ಯಾಕ್ರೀ ಅಕ್ಕಾರ, ಕಣ್ಣು ಕೆಂಪಾಗ್ಯಾವಲ್ಲ?" ಎಂದಳು.

"ಒಳಗ ಭಾಳ ಶೆಕಿ ಐತವ್ವಾ" ಎಂದೆ.

ನಿನ್ನೆ ಚಿತ್ರ ಕೊಟ್ಟುಬಂದೆ. ದೊಡ್ಡಪ್ಪನವರು ಬಹಳ ಹೊತ್ತು ನೋಡಿದರು. ಬೆನ್ನು ತಿರುಗಿಸಿ ಮೊಹರು ಓದಿ, "ಹಂಪಮ್ಮ, ಹೊಸಪೇಟೆ. ಹಂಪಮ್ಮ ಅಂದ್ರ ಯಾರು, ನೀನೇನು?" ಎಂದು ಕೇಳಿದರು. "ಅಲ್ರಿ, ನಮ್ಮವ್ವ. ಚಿತ್ರ ತೆಗಿಯಾಕ ಕಲಿಸಿದಾಕಿ" ಎಂದೆ. ಹೌದು, ಹೊಸ ಮೊಹರು ಮಾಡಿಸಿದ್ದೇನೆ, ಸಿಟ್ಟಾಗಬೇಡ. ಅಪ್ಪನದು ಸವೆದಿಲ್ಲ, ಪೆಟ್ಟಿಗೆಯಲ್ಲಿ ಅಜ್ಜನ ಪಕ್ಕದಲ್ಲೇ ಇದೆ. ನಿನ್ನನ್ನು ಚಪ್ಪರದ ಹೊರಗೆ ನಿಲ್ಲಿಸಿದ ಈ ಸೀಮೆಯಲ್ಲಿ, ನಾನು ತೆಗೆದ ಯಾವ ಮದುವೆಯ ಚಿತ್ರ ತಿರುಗಿಸಿ ನೋಡಿದರೂ ಇನ್ನು ಮೇಲೆ ನೀನೇ ಇರುತ್ತೀ, ಅವ್ವಾ.

ನಿನ್ನ ಮಗಳು,
ನೀಲಮ್ಮ