ಬಿಸಿಗಾಳಿಯ ಪಾಲು

ಏಪ್ರಿಲ್ 4, ಬೆಳಿಗ್ಗೆ

ಅಮ್ಮನ ಕುಂಕುಮ ಬೆವರಿಗೆ ಕರಗಿ ಮೂಗಿನ ತನಕ ಇಳಿದಿತ್ತು. ಇನ್ನೂ ಏಳು ಗಂಟೆ. ಹೇಳೋಣವೆಂದುಕೊಂಡೆ, ಹೇಳಲಿಲ್ಲ. ಆಮೇಲೆ ತಾನೇ ಕನ್ನಡಿಯಲ್ಲಿ ನೋಡಿಕೊಂಡು ಒರೆಸಿಕೊಂಡಳು.

ಅಪ್ಪ ನಿನ್ನೆಯೂ ನಿದ್ದೆಯಿಲ್ಲದೆ ಎದ್ದು ಕೂತಿದ್ದರಂತೆ. ಸ್ಟೆಂಟ್ ಹಾಕಿ ಎರಡು ತಿಂಗಳು. ಸೆಕೆಯಲ್ಲಿ ಇಡಬೇಡಿ, ಹೃದಯಕ್ಕೆ ಭಾರ ಅಂದಿದ್ದಾರೆ ಡಾಕ್ಟರ್. ಭಾಂಡುಪ್‌ನ ಈ ಎರಡನೇ ಮಹಡಿಯಲ್ಲಿ ಸೆಕೆ ಬಿಟ್ಟು ಇನ್ನೇನಿದೆ? ಎ.ಸಿ. ತರುವುದೇ ಎಂದಾಯಿತು.

ಅಡುಗೆಮನೆ ಕಿಟಕಿಯಲ್ಲಿ ಹಗ್ಗ ಅಲುಗಿತು. ಎಳೆದೆ. ಚೀಲದಲ್ಲಿ ಜೋಳದ ರೊಟ್ಟಿ, ಎದುರು ವಿಂಗ್‌ನ ನೀಲಾಬಾಯಿ ಕಾಕು ಕಳಿಸಿದ್ದು. ನಮ್ಮ ಕಿಟಕಿಗೂ ಅವರದಕ್ಕೂ ನಡುವೆ ಐದಾರು ಅಡಿ. ಬಟ್ಟೆ ಒಣಗಿಸಲು ಕಟ್ಟಿದ ರಾಟೆ ಹಗ್ಗ. ರೊಟ್ಟಿ ಈ ಕಡೆ, ಅಮ್ಮನ ಸಾರು ಆ ಕಡೆ. ನಾನು ಸ್ಕೂಲಿಗೆ ಹೋಗುವಾಗಿನಿಂದ ಹೀಗೇ.

ಆ ಕಡೆ ಕಿಟಕಿಗೆ ತಾಗಿದ ಮಂಚದಿಂದ ಕಾಕುವಿನ ಗಂಡ ಗುರಲಿಂಗಪ್ಪ ಕಾಕಾ ಕೂಗಿದರು. "ಧಾತ್ರವ್ವಾ, ಎಂ.ಎ. ಮುಗೀತಂತಲ್ಲ. ಇಷ್ಟು ಓದೀದಿ, ಒಂದು ಮಾತು ಜೋರಾಗಿ ಆಡು ನೋಡಮು."

ನಕ್ಕೆ. ಅವರೂ ನಕ್ಕರು. ನಗು ಕೆಮ್ಮಾಯಿತು. ಎಷ್ಟೋ ವರ್ಷ ಟೈಲ್ಸ್ ಕತ್ತರಿಸಿದ ಧೂಳು, ಎಲ್ಲ ಎದೆಯಲ್ಲಿ ಕೂತಿದೆ. ಅವರ ಖೋಲಿಗೆ, ಒಂದೇ ಕೋಣೆಯ ಮನೆಗೆ, ಇರುವುದು ಅದೊಂದೇ ಕಿಟಕಿ.

ಏಪ್ರಿಲ್ 9

ಸ್ಟೇಷನ್ ಹತ್ತಿರದ ಅಂಗಡಿ. ಬೋರ್ಡಿನಲ್ಲಿ ಮೂವತ್ತನಾಲ್ಕು ಸಾವಿರ, ಒಂದು ಟನ್. ಅಪ್ಪ ಮೂವತ್ತೈದು ತೆಗೆದಿಟ್ಟಿದ್ದರು, ಒಂದು ಸಾವಿರ ಉಳಿಯುತ್ತದೆಂದು. ಅಂಗಡಿಯವನು ನಗುನಗುತ್ತಲೇ ಸೇರಿಸುತ್ತ ಹೋದ... ಫಿಟ್ಟಿಂಗ್ ಬೇರೆ, ಸ್ಟ್ಯಾಂಡ್ ಬೇರೆ, ಸ್ಟೆಬಿಲೈಝರ್ ಬೇರೆ. ನಮ್ಮ ಹಳೇ ವೈರಿಂಗ್ ತಾಳುವುದಿಲ್ಲ, ಮೀಟರಿನಿಂದ ಹೊಸ ಲೈನ್ ಎಳೆಯಬೇಕು. ಎಲ್ಲ ಸೇರಿ ನಲವತ್ತೈದರ ಹತ್ತಿರ.

ಅಪ್ಪ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಕಾರ್ಡ್ ಕೊಟ್ಟರು.

ಆಟೊದಲ್ಲಿ ಅಮ್ಮ, "ಪ್ರಾಣಕ್ಕಿಂತ ಹೆಚ್ಚೇನ್ರೀ" ಅಂದಳು. ಅಪ್ಪ, "ಪ್ರಾಣಕ್ಕೂ ಜಿ.ಎಸ್.ಟಿ. ಹಾಕಿದ್ದಾನಲ್ಲ ಕೌಸಲ್ಯಾ" ಅಂದರು.

ಏಪ್ರಿಲ್ 11

ಫಿಟ್ ಮಾಡಲು ಬಂದವನ ಹೆಸರು ಶ್ರೀಶೈಲ. ಅಮ್ಮ ಬಾಯಿ ತೆರೆದ ಕೂಡಲೇ, "ಅರೆ, ಕನ್ನಡದವ್ರೇನ್ರಿ" ಎಂದು ಖುಷಿಯಾದ. ಎರಡು ಸಲ ಚಹಾ ಕುಡಿದ.

ಆಮೇಲೆ ಕೇಳಿದ. "ಔಟ್‌ಡೋರ್, ಅದೇ ಬಿಸಿಗಾಳಿ ಹೊರಗ ಉಗುಳೂ ಪೆಟ್ಟಿಗಿ, ಎಲ್ಲಿ ಕೂಡಿಸಮು ಸರ್? ಬೆಡ್‌ರೂಮಿಗಿ ಎರಡೇ ಗ್ವಾಡಿ ಹೊರಗ ಅವ. ಒಂದು ಗ್ಯಾಲರಿ ಕಡೆ, ಒಂದು ಹಿಂದ ಆ ಎದುರು ಮನಿ ಕಿಡಕಿ ಕಡೆ. ಎರಡಕ್ಕೂ ಪೈಪ್ ಫ್ರೀದಾಗೇ ಮುಗೀತದ. ಟೆರೇಸ್ ಮ್ಯಾಲ ಅಂದ್ರ ಪೈಪ್ ಉದ್ದ ಬೇಕು, ಫುಟ್‌ಗಿಷ್ಟು ಅಂತ ರೊಕ್ಕ."

ಗ್ಯಾಲರಿಯಲ್ಲಿ, ಅಂದರೆ ನಮ್ಮ ಬಾಲ್ಕನಿಯಲ್ಲಿ, ನನ್ನ ಮಡಚುವ ಮಂಚ, ಪುಸ್ತಕ, ಟೇಬಲ್ ಲ್ಯಾಂಪ್. ಈ ಮನೆಯಲ್ಲಿ ನಾನು ಪರದೆ ಎಳೆದುಕೊಳ್ಳಬಹುದಾದ ಒಂದೇ ಜಾಗ.

"ಗ್ಯಾಲರಿಯಲ್ಲಿ ಮಗು ಮಲಗ್ತಾಳಪ್ಪ" ಅಂದಳು ಅಮ್ಮ.

"ಮತ್ತ ಅಲ್ಲಿ ಬ್ಯಾಡ. ಭಟ್ಟಿ ಆಗ್ತದ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ಪುಸ್ತಕಗಳ ಕಡೆ ನೋಡಿದೆ. ಅಷ್ಟೇ. ಡ್ರಿಲ್ ಹಿಂದಿನ ಗೋಡೆಗೆ ಹೋಯಿತು.

ಏಪ್ರಿಲ್ 12

ಅಪ್ಪ ಬೆಳಗಿನವರೆಗೆ ಮಲಗಿದರು. ಅಮ್ಮ ಶಾಲು ಹೊದಿಸಿದಳಂತೆ. ಏಪ್ರಿಲ್‌ನಲ್ಲಿ ಶಾಲು! ಇಬ್ಬರ ಮುಖವೂ ಹತ್ತು ವರ್ಷ ಹಿಂದಿನದು.

ಏಪ್ರಿಲ್ 17

ಹಗ್ಗ ಎಳೆದೆ. ರಾಟೆಯ ಕಬ್ಬಿಣ ಮುಟ್ಟಲಾಗದಷ್ಟು ಬಿಸಿ. ಕಾಕಾರ ಕಿಟಕಿಯ ಒಂದು ಬಾಗಿಲು ಮುಚ್ಚಿತ್ತು. ತೆರೆದ ಅರ್ಧದಿಂದ ಧ್ವನಿ ಬಂತು. "ಭಾರಿ ಕೆಲಸ ಮಾಡೀರಿ ಧಾತ್ರವ್ವಾ. ನಿಮ್ಮ ಕಾಕು ಇನ್ನ ಗ್ಯಾಸ್ ಹಚ್ಚಂಗಿಲ್ಲ, ರೊಟ್ಟಿ ಕಿಡಕ್ಯಾಗ ಹಿಡದ್ರ ಸಾಕು."

ತಮಾಷೆಯೇ. ನಾನು ನಗಬೇಕಿತ್ತು ಅನ್ನಿಸುತ್ತದೆ.

ಏಪ್ರಿಲ್ 23, ಮಧ್ಯಾಹ್ನ

ಅವರ ಕಿಟಕಿಯ ಡಬ್ಬಿಯಲ್ಲಿರುವ ತುಳಸಿ ಒಂದೇ ಬದಿ ಸುಟ್ಟಿದೆ. ನಮ್ಮ ಕಡೆಯ ಬದಿ. ಇನ್ನೊಂದು ಬದಿ ಹಸಿರಾಗಿದೆ.

ಕಿಟಕಿ ಪೂರ್ತಿ ಮುಚ್ಚಿತ್ತು. ಕೈ ಹೊರಚಾಚಿ ನೋಡಿದೆ... ಒಲೆಯ ಬಾಯಿ. ಮುಚ್ಚಿದ ಕಿಟಕಿಯ ಹಿಂದೆ ಕೆಮ್ಮು. ತೆರೆದರೆ ಬಿಸಿಗಾಳಿ, ಮುಚ್ಚಿದರೆ ಗಾಳಿಯೇ ಇಲ್ಲ.

ಅಪ್ಪನಿಗೆ ಹೇಳುವ ವಾಕ್ಯವನ್ನು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿಕೊಂಡೆ. ಊಟಕ್ಕೆ ಕೂತಾಗ ಬಾಯಿ ತೆರೆದೆ. ಉಪ್ಪಿನಕಾಯಿ ಕೇಳಿದೆ.

ಏಪ್ರಿಲ್ 30

ಹೇಳಿದೆ. ಬಿಸಿಗಾಳಿ ಕಾಕಾರ ಕಿಟಕಿಗೆ ಹೊಡೆಯುತ್ತಿದೆಯೆಂದು, ಕೊನೆಗೂ. ಅಪ್ಪನಿಗೆ ಗೊತ್ತಿತ್ತು! ಟೆರೇಸಿಗೆ ಏರಿಸಲು ಎಷ್ಟಾಗುತ್ತದೆ ಎಂದು ಆಗಲೇ ಶ್ರೀಶೈಲನಿಗೆ ಫೋನ್ ಮಾಡಿದ್ದಾರೆ. ತಾಮ್ರದ ಪೈಪು, ಕೂಲಿ, ಗ್ಯಾಸು, ಸೊಸೈಟಿಯ ಡಿಪಾಸಿಟ್ಟು: ಹದಿನೆಂಟು ಸಾವಿರ. ಅವರ ಒಂದು ತಿಂಗಳ ಪೆನ್ಷನ್ನಿಗಿಂತ ಹೆಚ್ಚು.

"ಮುಂದಿನ ವರ್ಷ ನೋಡೋಣಮ್ಮ" ಅಂದರು, ಫ್ಯಾನಿನ ಕಡೆ ನೋಡುತ್ತ. "ಈಗ ನಿಲ್ಲಿಸಿಬಿಡು ಅಂದ್ರೆ ನಿಲ್ಲಿಸ್ತೀನಿ. ಹೇಳು."

ರಿಮೋಟನ್ನು ಅವರ ದಿಂಬಿನ ಹತ್ತಿರ ಇಟ್ಟೆ.

ಗ್ಯಾಲರಿಯ ಹೆಸರು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸಂಜೆ ಅಮ್ಮ ನನ್ನನ್ನು ಕರೆದುಕೊಂಡು ಎದುರು ವಿಂಗಿಗೆ ಹೋದಳು, ಕ್ಷಮೆ ಕೇಳಲೆಂದೇ. ನೀಲಾಬಾಯಿ ಕಾಕು ಕೇಳಿಸಿಕೊಳ್ಳಲೇ ಇಲ್ಲ. "ಬಿಡ್ರಿ ಅಕ್ಕಾರ. ನಿಮ್ಮ ಮನ್ಯಾಗೂ ಗಂಡಸರ ಜೀವದ ಮಾತೇ, ನಮ್ಮ ಮನ್ಯಾಗೂ ಜೀವದ ಮಾತೇ. ಜಗಳ ಯಾರ ಕೂಡ ಮಾಡ್ಲಿ?" ಎದ್ದು ಚಹಾಕ್ಕಿಟ್ಟಳು. ಆ ಕೋಣೆಯಲ್ಲಿ ಗ್ಯಾಸ್ ಹಚ್ಚಿದ್ದೇ ಅಮ್ಮನ ಮುಖ ಕೆಂಪಾಯಿತು. ಕುಡಿದೆವು.

ಕಾಕಾ ಗೋಡೆಗೆ ಒರಗಿದ್ದರು. ಒದ್ದೆ ಟವೆಲ್ ಎದೆಯ ಮೇಲೆ. ತಮಾಷೆ ಮಾಡಲಿಲ್ಲ.

ಮೇ 14

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲವೆಂದಲ್ಲ.

ಇವತ್ತು ಆಂಬುಲೆನ್ಸ್. ಸ್ಟ್ರೆಚರ್ ಮೆಟ್ಟಿಲಲ್ಲಿ ತಿರುಗಲಿಲ್ಲ. ನಾಲ್ವರು ಸೇರಿ ಕಾಕಾರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ನಾನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಪಕ್ಕದಲ್ಲಿ ಔಟ್‌ಡೋರ್ ಫ್ಯಾನ್ ತಿರುಗುತ್ತಲೇ ಇತ್ತು.

ಅಪ್ಪ ರಿಮೋಟ್ ತೆಗೆದು ಆಫ್ ಮಾಡಿದರು. ಅರ್ಧ ಗಂಟೆಗೆ ಅವರ ಬನಿಯನ್ ಒದ್ದೆ, ತುಟಿ ಬಿಳಿ. ಅಮ್ಮ ಅಳುತ್ತ ಆನ್ ಮಾಡಿದಳು.

ಕರೆಂಟ್ ಬಿಲ್ಲೂ ಇವತ್ತೇ ಬಂತು. ಮೂರು ಪಟ್ಟು.

ಮೇ 18

ನೀಲಾಬಾಯಿ ಕಾಕು ಬಟ್ಟೆ ಒಯ್ಯಲು ಬಂದಿದ್ದಳು. ಕೆಳಗೆ ಗೇಟಿನಲ್ಲಿ ಸಿಕ್ಕಳು. ನಾಲ್ಕು ದಿನಕ್ಕೆ ಬಳೆ ಮೊಣಕೈ ತನಕ ಏರುವಷ್ಟು ಇಳಿದಿದ್ದಾಳೆ.

"ಮನಿಗಿ ಒಯ್ರಿ ಅಂದಾರ ಡಾಕ್ಟರ್. ಇನ್ನ ಅವರ ಕೈಯಾಗ ಏನಿಲ್ಲಂತ. ಎಷ್ಟು ದಿನ ಅದನೋ ಅಷ್ಟು. ನಾಳಿ ಮಧ್ಯಾಹ್ನ ಕರಕೊಂಡು ಬರ್ತೀನಿ." ಬಟ್ಟೆಯ ಚೀಲ ಇನ್ನೊಂದು ಕೈಗೆ ಬದಲಿಸಿ, "ಕಿಡಕಿ ಬಾಜೂಕ ಹಾಸಿಗಿ ಹಾಸಂತ ನಿಮ್ಮ ಕಾಕಾ ಈಗೇ ಹೇಳ್ಯಾರ. ಎದುರಿಗಿ ನಮ್ಮ ಮಂದಿ ಕಾಣ್ತಾರಂತ."

ನಮ್ಮ ಮಂದಿ.

ಮೇ 18, ಸಂಜೆ

ಶ್ರೀಶೈಲನಿಗೆ ಫೋನ್ ಮಾಡಿದೆ. ಟ್ರೇನಿನಲ್ಲಿದ್ದ, ಕೇಳಿಸಲಿಲ್ಲ. "ಜೋರಾಗಿ ಹೇಳ್ರಿ ಮೇಡಂ" ಅಂದ. ಬಿಲ್ಡಿಂಗಿನ ಕಾಂಪೌಂಡಿನಲ್ಲಿ ನಿಂತು ಕೂಗಿದೆ. ವಾಚ್‌ಮನ್ ತಿರುಗಿ ನೋಡಿದ. ನೋಡಲಿ.

ಔಟ್‌ಡೋರ್ ಬಿಚ್ಚಿ ಗ್ಯಾಲರಿಗೆ. ಕೂಲಿ, ಗ್ಯಾಸ್, ಹೊಸ ತೂತು, ಎಲ್ಲ ಸೇರಿ ನಾಲ್ಕೂವರೆ ಸಾವಿರ. ಇಷ್ಟೇ. ನನ್ನ ಟ್ಯೂಷನ್ ದುಡ್ಡು ಸಾಕು. ಏಪ್ರಿಲ್ ಹನ್ನೊಂದಕ್ಕೆ ಇದು ಪುಕ್ಕಟೆ ಇತ್ತು.

"ಗ್ಯಾಲರಿ ನಿಮ್ಮದಲ್ಲೇನ್ರಿ? ಅಲ್ಲಿ ಇರಾಕ ಆಗಂಗಿಲ್ಲ, ನೋಡ್ರಿ ಮತ್ತ."

ನೋಡಿದ್ದೇನೆ ಅಂದೆ. ನಾಳೆ ಒಂಬತ್ತಕ್ಕೆ ಬರುತ್ತಾನೆ. ಕಾಕಾ ಬರುವ ಮೊದಲು ಮುಗಿಯುತ್ತದೆ.

ಪುಸ್ತಕಗಳನ್ನು ಅಕ್ಕಿಚೀಲಗಳಿಗೆ ತುಂಬಿ ಅಡುಗೆಮನೆಯ ಅಟ್ಟಕ್ಕೆ ಹಾಕಿದೆ. ಮಂಚ ಮಡಚಿದೆ. ಪರದೆ ಬಿಚ್ಚಿದೆ.

"ಏನಮ್ಮಾ ಗ್ಯಾಲರಿ ಖಾಲಿ ಮಾಡ್ತಿದ್ದೀಯ?" ಅಪ್ಪ ಒಳಗಿನಿಂದ ಕೇಳಿದರು.

"ಧೂಳಾಗಿತ್ತು" ಅಂದೆ.

ಅವರು ಎದ್ದು ಬಂದು ಖಾಲಿ ಗೋಡೆ ನೋಡಿದರು. ಆಮೇಲೆ ಲ್ಯಾಂಪಿನ ವೈರ್ ಸುತ್ತಿ ನನ್ನ ಕೈಗೆ ಕೊಟ್ಟರು.

ನಾಳೆ ಬೆಲ್ ಆದಾಗ ಬಾಗಿಲು ನಾನೇ ತೆಗೆಯುತ್ತೇನೆ. ಎಲ್ಲಿ ಕೂಡಿಸಮು ಎಂದು ಅವನು ಕೇಳಿದರೆ, ಈ ಸಲ ಜೋರಾಗಿ ಹೇಳುತ್ತೇನೆ: ಗ್ಯಾಲರಿಯಲ್ಲಿ.