ಮೊಳೆ ಹೊಡೆಯದ ಗೋಡೆ

ಪುಟ್ಟೀ,

ಈ ಬಾಡಿಗೆ ಮನೆಗೆ ಬಂದಾಗ ನೀನು ಎರಡನೇ ಕ್ಲಾಸು. ಗೋಡೆಗೆ ಮೊಳೆ ಹೊಡೆಯದಿದ್ದರೆ ಬಿಡುವಾಗ ಅಡ್ವಾನ್ಸ್ ಪೂರ್ತಿ ಕೊಡುತ್ತೇನೆಂದು ಓನರ್ ಅಜ್ಜಿ ಮಾತು ಕೊಟ್ಟಿದ್ದರು. ನಿನ್ನ ಚಿತ್ರಗಳನ್ನೆಲ್ಲ ನೀನು ಕಿಟಕಿ ಸರಳಿಗೇ ಕಟ್ಟಿಕೊಂಡೆ, ಒಂದು ದಿನವೂ ಹಟ ಮಾಡಲಿಲ್ಲ. ನಿನ್ನಂಥ ಮಗಳು ಸಿಕ್ಕಿದ್ದು ನನ್ನ ಪುಣ್ಯ.

ನಾಳೆ ಮನೆ ಬಿಡುತ್ತೇವೆಂದು ಇವತ್ತು ಸಂಜೆ ಅಜ್ಜಿ ಬಂದು ಗೋಡೆಗಳನ್ನು ಸವರಿ ನೋಡಿದರು. ಬಾಗಿಲ ಹಿಂದೆ ಒಂದು ಮೊಳೆ ಕಂಡಿತು.

"ಅಯ್ಯೋ, ಅದು ನಮ್ಮ ಯಜಮಾನ್ರು ಹೊಡೆದಿದ್ದು ಕಣಮ್ಮಾ. ನನ್ನ ಮಾತು ಎಲ್ಲಿ ಕೇಳ್ತಿದ್ರು!" ಎಂದು ನಕ್ಕರು.

ಬೆಳಿಗ್ಗೆ ನೀನು ಏಳುವಷ್ಟರಲ್ಲಿ ನಾನು ಕೆಲಸಕ್ಕೆ ಹೋಗಿರುತ್ತೇನೆ. ಹಾಲು ಕಾಯಿಸಿಕೋ, ಉಕ್ಕಿಸಬೇಡ. ಒಲೆ ಈಗಷ್ಟೇ ಉಜ್ಜಿದ್ದೇನೆ. ಬೀಗದ ಕೈ ಅಜ್ಜಿಗೆ ಕೊಡು, ಬಾಯಿ ತುಂಬ ಥ್ಯಾಂಕ್ಸ್ ಹೇಳು. ಹೊಸ ಮನೆಯಲ್ಲಿ ಮೊಳೆ ಹೊಡೆಯಬಹುದಂತೆ, ಸುತ್ತಿಗೆ ಕಟ್ಟಿಟ್ಟ ಸಾಮಾನಿನ ಮೇಲಿನ ಡಬ್ಬದಲ್ಲೇ ಇದೆ.

ಅಡ್ವಾನ್ಸ್ ಪೂರ್ತಿ ಬಂತು.

ಅಮ್ಮ