ಆಳಿನ ಪಾರ್ಟು

ಶಿವಶರಣ,

ನಿನ್ನೆ ಜಾನ್ಸನ್‌ವಿಲ್‌ನ ಫಿಲ್ಮ್ ಕ್ಲಬ್ಬಿನಲ್ಲಿ ಮೂವತ್ತರ ದಶಕದ, ಹಾಡು ಕುಣಿತದ ಒಂದು ಕಾಮಿಡಿ ಸಿನಿಮಾ ಹಾಕಿದ್ದರು. ಬಿಳಿಯರ ಪಾರ್ಟಿಯ ನಡುವೆ ಕಪ್ಪು ವರ್ಣದ ಕೆಲಸದವಳೊಬ್ಬಳು ಟ್ರೇ ಹಿಡಿದು ಬಂದು, ತನ್ನ ಧಾಟಿಯಲ್ಲಿ ಒಂದು ಮಾತಾಡಿ ಹೋದಳು. ನೋಡುತ್ತಿದ್ದ ಎಲ್ಲರೂ ನಕ್ಕರು. ಕೊನೆಗೆ ತೆರೆಯ ಮೇಲೆ ಹೆಸರುಗಳು ಬಂದವು, ಅವಳದು ಬರಲಿಲ್ಲ.

ಅಲ್ಲಿಂದ ಕನ್ನಡ ಸಂಘದ ಮೀಟಿಂಗಿಗೆ ಹೋದೆ. ಯುಗಾದಿ ನಾಟಕ ಈ ಸಲವೂ ನಾನೇ ಮಾಡಿಸಬೇಕಂತೆ. ನೀನು ಹೋದ ಮೇಲೆ ಆಳಿನ ಪಾರ್ಟು ಮಾಡಲು ಯಾರೂ ಸಿಕ್ಕಿಲ್ಲ.

"ಆ ಕಲಬುರ್ಗಿ ಹುಡುಗ ಇದ್ನಲ್ಲ, ಬಾಯಿ ತೆಗೆದ್ರೆ ಸಾಕು, ನಗು ಬರ್ತಿತ್ತು. ಏನವನ ಹೆಸರು?" ಅಂದರು ಕಾತ್ಯಾಯಿನಿ ಆಂಟಿ.

ನಾನು ಟೀ ಕುಡಿದು ಮನೆಗೆ ಬಂದೆ.

"ರಾಜನ ಪಾರ್ಟು ನನಗ ಕೊಡ್ರಿ. ರಾಜಾ ನಮ್ಮ ಮಾತಿನಾಗ ಮಾತಾಡಿದ್ರ ಏನಾಗ್ತದ?" ಅಂತ ನೀನೊಮ್ಮೆ ಕೇಳಿದ್ದೆ. ನಾವು ಅದಕ್ಕೂ ನಕ್ಕಿದ್ದೆವು.